ಅಲಾರಂ ಕೂಗಿದರೆ ಬರುವವರು ಯಾರು?

ವೈಯಾಲಿಕಾವಲ್‌ನ ಅಡ್ಡರಸ್ತೆಗಳಲ್ಲಿ ಒಂದು ಸುತ್ತು ಹಾಕಿದರೆ ಒಂದೇ ಬಗೆಯ ಸಂಸಾರ ಹಲವು ಮನೆಗಳಲ್ಲಿ ಕಾಣಿಸುತ್ತದೆ. ಕೆಳಗಿನ ಮನೆಯಲ್ಲಿ ಎಪ್ಪತ್ತು ದಾಟಿದ ಗಂಡ ಹೆಂಡತಿ, ಮಹಡಿಯಲ್ಲಿ ಬಾಡಿಗೆಗಿರುವ ಐ.ಟಿ. ಹುಡುಗರು, ಮಗ ನ್ಯೂಜೆರ್ಸಿಯಲ್ಲಿ, ಮಗಳು ವೈಟ್‌ಫೀಲ್ಡ್‌ನಲ್ಲಿ. ಟ್ರಾಫಿಕ್ ಲೆಕ್ಕ ಹಿಡಿದರೆ ಇಬ್ಬರೂ ದೂರವೇ. ಮಗ ಊರಿಗೆ ಬಂದಾಗಲೆಲ್ಲ ಏನಾದರೂ ಒಂದು ಸಾಧನ ತರುತ್ತಾನೆ. ಒಂದು ಸಲ ಗಡಿಯಾರ, ಇನ್ನೊಂದು ಸಲ ಕ್ಯಾಮೆರಾ, ಮತ್ತೊಂದು ಸಲ ಮಾತಾಡುವ ಸ್ಪೀಕರ್. ಅವನು ವಿಮಾನ ಹತ್ತಿದ ತಿಂಗಳೊಪ್ಪತ್ತಿನಲ್ಲಿ ಅವು ಷೋಕೇಸಿನ ಕೆಳಗಿನ ಡ್ರಾಯರ್ ಸೇರುತ್ತವೆ, ಚಾರ್ಜರ್ ಸಮೇತ.

ತಪ್ಪು ತಂದೆ ತಾಯಿಯದೂ ಅಲ್ಲ, ಸಾಧನದ್ದೂ ಅಲ್ಲ. ಇಂಟರ್ನೆಟ್ಟಿಗೆ ಸೇರಿಕೊಂಡ ಈ ವಸ್ತುಗಳೆಲ್ಲ ಮಾಡುವುದು ಒಂದೇ ಕೆಲಸ, ಸುದ್ದಿ ಮುಟ್ಟಿಸುವುದು. ಸುದ್ದಿ ಮುಟ್ಟಿದ ಮೇಲೆ ಎದ್ದು ಬರುವವರು ಯಾರು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡರೆ ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎನ್ನುವುದು ಮುಕ್ಕಾಲು ಪಾಲು ಬಗೆಹರಿದಂತೆ. ಈ ಲೆಕ್ಕದಲ್ಲಿ ನನ್ನ ಪಟ್ಟಿಯ ಮೊದಲ ಸ್ಥಾನ ಕೈಗಡಿಯಾರಕ್ಕಲ್ಲ, ನೀರಿನ ಮೋಟರಿಗೆ.

ಸಂಪು, ಟ್ಯಾಂಕು, ಮಧ್ಯೆ ಏಣಿ

ದಿನ ಬಿಟ್ಟು ದಿನ ಕಾವೇರಿ ನೀರು ಬರುವ ಬೀದಿಗಳ ದಿನಚರಿ ಎಲ್ಲರಿಗೂ ಗೊತ್ತಿದ್ದದ್ದೇ. ನೀರು ಸಂಪಿಗೆ ಬೀಳುತ್ತದೆ, ಮೋಟರ್ ಹಾಕುತ್ತೇವೆ, ಹಾಕಿ ಮರೆಯುತ್ತೇವೆ. ಟ್ಯಾಂಕ್ ತುಂಬಿ ಎದುರುಮನೆ ಕಾರಿನ ಮೇಲೆ ಸುರಿಯತೊಡಗಿದಾಗ ಬೀದಿಯಿಂದ ಕೂಗು ಬರುತ್ತದೆ: "ಆಂಟೀ, ಮೋಟರ್ ಆಫ್ ಮಾಡಿ!" 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಕುಡಿಯುವ ನೀರಲ್ಲಿ ಕಾರು ತೊಳೆದವರಿಗೆ, ತೋಟಕ್ಕೆ ಬಿಟ್ಟವರಿಗೆ ಜಲಮಂಡಳಿ 5,000 ರೂಪಾಯಿ ದಂಡ ಹಾಕಿತು. ಆದರೆ ನನಗೆ ನೀರಿಗಿಂತ ಹೆಚ್ಚು ಚಿಂತೆ ಏಣಿಯದು. ಟ್ಯಾಂಕ್ ತುಂಬಿದೆಯೋ ಇಲ್ಲವೋ ನೋಡಲು ಎಪ್ಪತ್ತೈದರ ಹಿರಿಯರು ತಾರಸಿಯ ಕಬ್ಬಿಣದ ಏಣಿ ಹತ್ತುತ್ತಾರಲ್ಲ, ಅದನ್ನು ತಪ್ಪಿಸುವ ಯಾವ ಸಾಧನಕ್ಕೂ ನನ್ನ ಓಟು.

ತೀರಾ ಸರಳವಾದದ್ದು ಫ್ಲೋಟ್ ಸ್ವಿಚ್ಚು. ಎಸ್.ಪಿ. ರಸ್ತೆಯ ಯಾವ ಅಂಗಡಿಯಲ್ಲೂ ಸಿಗುತ್ತದೆ, ಆ್ಯಪ್ ಬೇಡ, ಪಾಸ್‌ವರ್ಡ್ ಬೇಡ. ಅದಕ್ಕೂ ಒಂದು ಮೆಟ್ಟಿಲು ಮೇಲಿನದು ಟ್ಯಾಂಕ್‌ನಲ್ಲೂ ಸಂಪಿನಲ್ಲೂ ಸೆನ್ಸರ್ ಇಟ್ಟು, ಮಟ್ಟ ನೋಡಿ ತಾನೇ ಮೋಟರ್ ಹಾಕಿ ಆರಿಸುವ ಕಂಟ್ರೋಲರ್. ಇದನ್ನು ಕೊಳ್ಳುವಾಗ ಅಂಗಡಿಯವರು ತಾವಾಗಿ ಹೇಳದ ಕೆಲವು ಸಂಗತಿಗಳಿವೆ.

ಟ್ಯಾಂಕ್‌ನಲ್ಲಿ ಮಾತ್ರ ಸೆನ್ಸರ್ ಇಟ್ಟು ಸಂಪನ್ನು ಬಿಟ್ಟರೆ ಒಂದು ದಿನ ಖಾಲಿ ಸಂಪಿನ ಮೇಲೆ ಮೋಟರ್ ಓಡುತ್ತದೆ. ನೀರಿಲ್ಲದೆ ಓಡಿದ ಪಂಪಿನ ಸೀಲ್ ಬಿಸಿಯಾಗಿ ಹೋಗಿಬಿಡುತ್ತದೆ. ಸೆನ್ಸರಿನಲ್ಲೂ ಎರಡು ಜಾತಿ. ಸ್ಟೀಲ್ ಕಡ್ಡಿಗಳನ್ನು ನೀರಿಗೆ ಇಳಿಬಿಡುವುದು ಅಗ್ಗ, ಆದರೆ ಬೋರ್‌ವೆಲ್ಲಿನ ಗಡಸು ನೀರು ಬೆರೆಯುವ ಮನೆಗಳಲ್ಲಿ ಕಡ್ಡಿಗೆ ಬಿಳಿ ಪೊರೆ ಕಟ್ಟಿ ನೀರಿದ್ದರೂ ಇಲ್ಲವೆನ್ನುತ್ತದೆ. ಕೆಲವು ತಿಂಗಳಿಗೊಮ್ಮೆ ಉಜ್ಜಬೇಕು. ಶಬ್ದದ ಅಲೆ ಕಳಿಸಿ ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರಿಗೆ ಈ ತೊಂದರೆ ಇಲ್ಲ. ಆದರೆ ತೀರಾ ಹತ್ತಿರ, ಸುಮಾರು ಒಂದು ಗೇಣಿನೊಳಗೆ ಬಂದ ನೀರು ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಮುಚ್ಚಳದಿಂದ ಸ್ವಲ್ಪ ಎತ್ತರಿಸಿ ಕೂರಿಸಬೇಕು.

ದೊಡ್ಡ ಎಡವಟ್ಟು ಆಗುವುದು ಸ್ಮಾರ್ಟ್ ಪ್ಲಗ್ಗಿನಿಂದ. ಒಂದು ಎಚ್.ಪಿ. ಮೋಟರ್ ಓಡುವಾಗ ಐದಾರು ಆಂಪಿಯರ್ ಎಳೆಯುತ್ತದೆ, ಸರಿ. ಚಾಲೂ ಆಗುವ ಕ್ಷಣದಲ್ಲಿ ಮಾತ್ರ ಅದರ ಹಲವು ಪಟ್ಟು ಎಳೆಯುತ್ತದೆ. ಸಾಮಾನ್ಯ ಪ್ಲಗ್ಗಿನೊಳಗಿನ ಚಿಕ್ಕ ರಿಲೇ ಇದನ್ನು ಬಹಳ ದಿನ ತಾಳುವುದಿಲ್ಲ. ಒಳಗಿನ ಬಿಂದುಗಳು ಬೆಸೆದುಕೊಂಡರೆ ಆ್ಯಪ್‌ನಲ್ಲಿ 'ಆಫ್' ಎಂದಿರುತ್ತದೆ, ಮೋಟರ್ ಓಡುತ್ತಲೇ ಇರುತ್ತದೆ. ಮೋಟರಿಗೆಂದೇ ಮಾಡಿದ ಕಂಟ್ರೋಲರ್ ಇರಬೇಕು, ಇಲ್ಲವೇ ಎಲೆಕ್ಟ್ರಿಷಿಯನ್ ಕೈಯಲ್ಲಿ ಕಾಂಟ್ಯಾಕ್ಟರ್ ಹಾಕಿಸಬೇಕು. ಜೊತೆಗೆ ಹಳೆಯ ಸ್ವಿಚ್ಚನ್ನು ಕಿತ್ತುಹಾಕಬೇಡಿ. ಯಂತ್ರ ಕೆಟ್ಟ ದಿನ ಕೈಯಿಂದ ಹಾಕುವ ದಾರಿ ಇರಲೇಬೇಕು.

ಇನ್ನು ವೈಫೈ. ರೂಟರ್ ಹಾಲಿನಲ್ಲಿ, ಟ್ಯಾಂಕ್ ತಾರಸಿಯಲ್ಲಿ, ಮಧ್ಯೆ ಎರಡು ಮೋಲ್ಡು. ಅಲ್ಲಿಗೆ ಸಿಗ್ನಲ್ ಹತ್ತುವುದಿಲ್ಲ. ತನ್ನದೇ ರೇಡಿಯೊದಲ್ಲಿ ಮಾತಾಡುವ ಕಂಟ್ರೋಲರುಗಳಿವೆ. ಲೋರಾ ಎಂಬ ಪದ್ಧತಿಯವು ನಮ್ಮಲ್ಲಿ ಲೈಸೆನ್ಸ್ ಬೇಡದ 865 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸ ಮಾಡುತ್ತವೆ, ಗೋಡೆ ದಾಟುವುದರಲ್ಲಿ ವೈಫೈಗಿಂತ ಗಟ್ಟಿ. ಹಳೆಯ ಮನೆಯ ಒಂಬತ್ತು ಇಂಚಿನ ಇಟ್ಟಿಗೆ ಗೋಡೆಗಳು ಕೋಣೆಯೊಳಗಿನ ಸಾಧನಗಳಿಗೂ ಕಾಟ ಕೊಡುತ್ತವೆ. ಬಹುಪಾಲು ಬಲ್ಬು, ಪ್ಲಗ್ಗುಗಳು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ. ಫೋನು 5 ಗಿಗಾಹರ್ಟ್ಸ್‌ನಲ್ಲಿದ್ದಾಗ ಎಷ್ಟೋ ಸಾಧನಗಳು ಜೋಡಣೆಯಾಗುವುದೇ ಇಲ್ಲ. ಅಂಗಡಿಗೆ ವಾಪಸು ಕೊಡುವ ಮುನ್ನ ಇದನ್ನೊಮ್ಮೆ ನೋಡಿ. ಕರೆಂಟ್ ಹೋಯಿತೆಂದರೆ ರೂಟರ್ ಸತ್ತಂತೆ, ಅದಕ್ಕೆ ಅಂಟಿಕೊಂಡ ಎಲ್ಲವೂ ಮೂಗ. ರೂಟರಿಗೆಂದೇ ಸಿಗುವ ಚಿಕ್ಕ 12 ವೋಲ್ಟ್ ಯು.ಪಿ.ಎಸ್. ಮೊದಲು ಹಾಕಿಸಿ, ಬೇರೆಲ್ಲ ಆಮೇಲೆ.

ಗೀಸರಿಗೆ ಮಾತ್ರ ಸ್ಮಾರ್ಟ್ ಪ್ಲಗ್ ಒಪ್ಪುತ್ತದೆ, 16 ಆಂಪಿಯರಿನದಾದರೆ. 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಓಡಿದರೆ ಒಂದು ಯೂನಿಟ್. 2023ರಲ್ಲಿ ಬಂದ ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಅಂಚಿನಲ್ಲಿರುವ ಮನೆಗೆ ಬೆಳಗಿನ ಗೀಸರ್ ತಾನಾಗಿ ಆರುವುದರಿಂದ ನಿಜವಾದ ಉಳಿತಾಯವಿದೆ.

ಕೈಗಡಿಯಾರ

ಬೆಂಗಳೂರಿಗೆ ಗಡಿಯಾರ ಹೊಸದಲ್ಲ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್.ಎಂ.ಟಿ. ಇಲ್ಲಿ ಗಡಿಯಾರ ಕಾರ್ಖಾನೆ ತೆರೆದದ್ದು 1961ರಲ್ಲಿ. ಆ ಕಾಲದ 'ಜನತಾ' ಇಂದಿಗೂ ಕೀಲಿ ಕೊಟ್ಟರೆ ಓಡುತ್ತದೆ. ಹೊಸ ಸ್ಮಾರ್ಟ್ ವಾಚಿನ ಬ್ಯಾಟರಿ ನಾಲ್ಕೈದು ವರ್ಷ ಸರಿಯಾಗಿ ಬಂದರೆ ಪುಣ್ಯ. ಬೆಲೆ ನೋಡುವಾಗ ಇದು ನೆನಪಿರಲಿ.

ಗಡಿಯಾರದ ಬೆನ್ನಿನಲ್ಲಿ ಮಿನುಗುವ ಹಸಿರು ಬೆಳಕು ಚರ್ಮದೊಳಗೆ ಹೋಗಿ, ರಕ್ತ ಹೀರಿಕೊಂಡು ಉಳಿದದ್ದು ಹಿಂದಿರುಗಿ ಬರುತ್ತದೆ. ಪ್ರತಿ ಮಿಡಿತಕ್ಕೂ ರಕ್ತದ ಪ್ರಮಾಣ ಏರಿಳಿಯುವುದರಿಂದ ಹಿಂದಿರುಗುವ ಬೆಳಕೂ ಏರಿಳಿಯುತ್ತದೆ. ನಾಡಿಬಡಿತ ಎಣಿಸಲು ಇಷ್ಟು ಸಾಕು, ಕುಳಿತಲ್ಲೇ ಇದ್ದಾಗ ಸಾಕಷ್ಟು ಸರಿಯಾಗಿಯೂ ಬರುತ್ತದೆ. ಬೆಲ್ಟ್ ಸಡಿಲವಿದ್ದರೆ ಕೆಡುತ್ತದೆ. ಕೈತುಂಬ ಬಳೆ ತೊಡುವವರು ಬಳೆಗಿಂತ ಮೇಲೆ, ಮೊಣಕೈ ಕಡೆಗೆ, ಗಟ್ಟಿಯಾಗಿ ಕಟ್ಟಿಕೊಳ್ಳಬೇಕು. ಬಳೆಗಳ ನಡುವೆ ಸಿಕ್ಕಿಸಿದ ಗಡಿಯಾರ ಏನೇನೋ ಹೇಳುತ್ತದೆ.

ಇದೇ ಬೆಳಕಿನಿಂದ ರಕ್ತದ ಸಕ್ಕರೆ ಹೇಳುತ್ತೇವೆ ಎನ್ನುವ ಗಡಿಯಾರ, ಉಂಗುರಗಳ ಜಾಹೀರಾತು ಕಂಡರೆ ಮುಂದಕ್ಕೆ ಸರಿಸಿ. ಚರ್ಮ ಚುಚ್ಚದೆ ಸಕ್ಕರೆ ಅಳೆಯುವ ಯಾವ ಗಡಿಯಾರಕ್ಕೂ ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ, ಬಳಸಬೇಡಿ ಎಂದು ಅಮೆರಿಕದ ಎಫ್.ಡಿ.ಎ. 2024ರ ಫೆಬ್ರುವರಿಯಲ್ಲಿ ಎಚ್ಚರಿಸಿತು. ಇನ್ಸುಲಿನ್ ತೆಗೆದುಕೊಳ್ಳುವವರು ಇಂಥ ಅಂಕಿ ನಂಬಿದರೆ ಜೀವಕ್ಕೇ ಸಂಚಕಾರ. ತೋಳಿಗೆ ಅಂಟಿಸುವ, ಚರ್ಮದೊಳಗೆ ಸಣ್ಣ ತಂತು ಇಳಿಸುವ ಸಿ.ಜಿ.ಎಂ. ಸೆನ್ಸರ್ ಬೇರೆ ಮಾತು. ಅದು ನಿಜವಾದ ವೈದ್ಯಕೀಯ ಸಾಧನ. ಆದರೆ ಅದೂ ಅಳೆಯುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವವನ್ನು. ಊಟವಾದ ಮೇಲೆ ಸಕ್ಕರೆ ಜೋರಾಗಿ ಏರುವಾಗ ಅದರ ಅಂಕಿ ಕೆಲವು ನಿಮಿಷ ಹಿಂದೆ ಇರುತ್ತದೆ. ಡಾಕ್ಟರನ್ನು ಕೇಳದೆ ಹಾಕಿಸಿಕೊಳ್ಳುವಂಥದ್ದಲ್ಲ.

ಇಸಿಜಿ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿನ ತಪ್ಪು ತಿಳಿವಳಿಕೆ ಅಪಾಯದ್ದು. ಆ್ಯಪಲ್ ವಾಚಿನ ಇಸಿಜಿ ಭಾರತಕ್ಕೆ 2019ರಲ್ಲಿ ಬಂತು, ಆಮೇಲೆ ಬೇರೆ ಕಂಪನಿಗಳದೂ. ಅದು ಒಂದೇ ಕೋನದಿಂದ ಹೃದಯ ನೋಡುವ ರೇಖೆ. ಬಡಿತ ಅಡ್ಡಾದಿಡ್ಡಿ ಆಗುವ ಏಟ್ರಿಯಲ್ ಫಿಬ್ರಿಲೇಷನ್ ಹಿಡಿಯಲು ಅದು ಉಪಯೋಗಿ, ಹೃದಯಾಘಾತ ಹಿಡಿಯಲು ಅಲ್ಲ. ಅದಕ್ಕೆ ಆಸ್ಪತ್ರೆಯ ಹನ್ನೆರಡು ಲೀಡ್ ಇಸಿಜಿ ಬೇಕು. ಎದೆ ಹಿಡಿದುಕೊಂಡು ಬೆವರುತ್ತಿರುವಾಗ ಗಡಿಯಾರ 'ಸಹಜ ಲಯ' ಎಂದರೂ ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಗೋ ಹತ್ತಿರದ ಇನ್ನಾವುದಕ್ಕೋ ಹೊರಡಲೇಬೇಕು. ಸಂಪರ್ಕ ತಂತ್ರಜ್ಞಾನ ಈ ವಿಷಯದಲ್ಲಿ ದೊಡ್ಡ ಕೆಲಸ ಮಾಡುತ್ತಿರುವುದು ಮಣಿಕಟ್ಟಿನ ಮೇಲಲ್ಲ, ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಕೂಡಲೇ ಜಯದೇವದಂಥ ದೊಡ್ಡ ಆಸ್ಪತ್ರೆಗೆ ಹೋಗಿ, ಆಘಾತವೆಂದು ಗೊತ್ತಾದರೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ರೇಖೆಯ ಆಚೆ ತುದಿಯಲ್ಲಿ ವೈದ್ಯರಿದ್ದಾರೆ, ವ್ಯತ್ಯಾಸ ಇರುವುದು ಅಷ್ಟೇ.

ಹೆಜ್ಜೆ ಲೆಕ್ಕದ ಬಗ್ಗೆ ಬಹಳ ಹೇಳುವುದಿಲ್ಲ. ಸ್ಯಾಂಕಿ ಕೆರೆ ಏರಿಯ ಮೇಲೆ ಬೆಳಗ್ಗೆ ಮಣಿಕಟ್ಟು ನೋಡಿಕೊಳ್ಳುತ್ತ ಹತ್ತು ಸಾವಿರ ಮುಟ್ಟಿಸಲು ಒದ್ದಾಡುವವರು ತಿಳಿಯಬೇಕಾದ್ದು ಇಷ್ಟು: ಆ ಸಂಖ್ಯೆ ಯಾವ ವೈದ್ಯರೂ ಕೊಟ್ಟದ್ದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ತನ್ನ ಹೆಜ್ಜೆ ಎಣಿಕೆಯ ಯಂತ್ರಕ್ಕೆ ಇಟ್ಟ ಹೆಸರದು. 2019ರಲ್ಲಿ ವಯಸ್ಸಾದ ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನದಲ್ಲಿ ದಿನಕ್ಕೆ 4,400 ಹೆಜ್ಜೆಗೇ ಲಾಭ ಕಂಡಿತು, 7,500ರ ಸುಮಾರಿಗೆ ಲಾಭ ಏರುವುದು ನಿಂತಿತು. ಮಂಡಿ ನೋವಿರುವವರು ಆರಾಮಾಗಿ ಕಲ್ಲುಬೆಂಚಿನ ಮೇಲೆ ಕೂರಬಹುದು.

ಹಾಗಾದರೆ ಹಿರಿಯರಿಗೆ ಗಡಿಯಾರ ಯಾಕೆ ಬೇಕು? ಬಿದ್ದಾಗ ಹೇಳಲು. ಜೋರಾಗಿ ಬಿದ್ದು ಸುಮಾರು ಒಂದು ನಿಮಿಷ ಅಲುಗಾಡದಿದ್ದರೆ ಆ್ಯಪಲ್ ವಾಚ್ ತಾನೇ ತುರ್ತು ಸಂಖ್ಯೆಗೆ ಕರೆ ಮಾಡಿ, ಕೊಟ್ಟಿಟ್ಟ ನಂಬರುಗಳಿಗೆ ಸಂದೇಶ ಕಳಿಸುತ್ತದೆ. ಈ ಸೌಲಭ್ಯ 55 ದಾಟಿದವರಿಗೆ ತಾನಾಗಿ ಚಾಲೂ ಇರುತ್ತದೆ. ಮಗ ಅವಸರದಲ್ಲಿ ತನ್ನ ಹುಟ್ಟಿದ ದಿನಾಂಕ ತುಂಬಿ ಕೊಟ್ಟಿದ್ದರೆ ಚಾಲೂ ಆಗಿರುವುದಿಲ್ಲ. ಸೆಟ್ಟಿಂಗ್ಸ್ ತೆರೆದು ನೋಡಿ. ಗೋಡೆ ಹಿಡಿದು ನಿಧಾನಕ್ಕೆ ಜಾರಿ ಕುಸಿದರೆ ಅದು ಗುರುತಿಸದೇ ಇರಬಹುದು. ಆ್ಯಪಲ್ ವಾಚಿಗೆ ಐಫೋನ್ ಬೇಕು, ಅಪ್ಪನ ಕೈಯಲ್ಲಿರುವುದು ಬೇರೆ ಫೋನಾದರೆ ಅದಕ್ಕೆ ಹೊಂದುವ ಗಡಿಯಾರದಲ್ಲಿ ಈ ಸೌಲಭ್ಯ ಇದೆಯೇ ಎಂದು ಕೇಳಿಯೇ ಕೊಳ್ಳಿ.

ಇಷ್ಟೆಲ್ಲ ಆದ ಮೇಲೂ ಒಂದು ತೊಡಕು ಉಳಿಯುತ್ತದೆ. ವಯಸ್ಸಾದವರು ಬೀಳುವುದು ಹೆಚ್ಚಾಗಿ ಬಚ್ಚಲಲ್ಲಿ, ಗಡಿಯಾರ ಬಿಚ್ಚಿ ಚಾರ್ಜಿಗೆ ಹಾಕುವುದು ಸ್ನಾನಕ್ಕೆ ಹೋಗುವಾಗ. ಚಾರ್ಜಿಂಗನ್ನು ಸಂಜೆಯ ಧಾರಾವಾಹಿ ಹೊತ್ತಿಗೆ ವರ್ಗಾಯಿಸಿ. ನೀರು ತಡೆಯುವ ಗಡಿಯಾರವನ್ನು ಬಚ್ಚಲಿಗೆ ತೊಟ್ಟೇ ಹೋಗಲಿ. ಅದಕ್ಕೂ ಮುಂಚೆ ಬಚ್ಚಲ ಗೋಡೆಗೆ ಹಿಡಿದುಕೊಳ್ಳುವ ಸ್ಟೀಲ್ ಕಂಬಿ ಹಾಕಿಸಿ, ನುಣ್ಣನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಜಾರದ ಚಾಪೆ ಹಾಸಿ. ಇಡೀ ಲೇಖನದಲ್ಲಿ ದುಡ್ಡಿಗೆ ತಕ್ಕ ಬೆಲೆ ಕೊಡುವ ವಸ್ತುಗಳು ಇವೇ, ಬ್ಯಾಟರಿಯೂ ಬೇಡ.

ಉಂಗುರ, ಹಾಸಿಗೆ, ಬಿ.ಪಿ., ಕಿವಿ

ಸ್ಮಾರ್ಟ್ ಉಂಗುರ ಮಾಡುವ ಅಲ್ಟ್ರಾಹ್ಯೂಮನ್ ಬೆಂಗಳೂರಿನದೇ ಕಂಪನಿ. ನಿದ್ದೆ, ನಾಡಿ ನೋಡಿಕೊಳ್ಳುವ ಆಸೆಯುಳ್ಳ ಮೂವತ್ತರವರಿಗೆ ಅದು ಚೆನ್ನ. ಗೆಣ್ಣು ಊದಿಕೊಳ್ಳುವ ಸಂಧಿವಾತದವರಿಗೆ ಬೇಡ. 2015ರಲ್ಲಿ ಇಲ್ಲೇ ಶುರುವಾದ ಡೋಝಿ ಹಾಸಿಗೆಯ ಕೆಳಗಿಡುವ ಹಾಳೆ ಮಾಡುತ್ತದೆ. ಹೃದಯ ಬಡಿದಾಗಲೆಲ್ಲ ಮೈ ಅತಿ ಸಣ್ಣದಾಗಿ ಅದುರುವುದನ್ನು ಹಿಡಿದು ನಾಡಿ, ಉಸಿರಾಟ ಲೆಕ್ಕ ಹಾಕುತ್ತದೆ. ಮೈಗೆ ಏನೂ ಕಟ್ಟಿಕೊಳ್ಳಲು ಒಪ್ಪದ ಅಜ್ಜಿಯರಿಗೆ ಈ ದಾರಿ ವಾಸಿ. ಅದರ ನಿಜವಾದ ಬಳಕೆ ಮಾತ್ರ ಪರದೆ ನೋಡುವ ನರ್ಸ್ ಇರುವ ಆಸ್ಪತ್ರೆಗಳಲ್ಲಿ.

ಬಿ.ಪಿ.ಗೆ ತೋಳಿಗೆ ಸುತ್ತುವ ಯಂತ್ರವೇ ಸೈ. 2021ರ ಜನವರಿ 1ರಿಂದ ಬಿ.ಪಿ. ಮತ್ತು ಸಕ್ಕರೆ ಅಳೆಯುವ ಯಂತ್ರಗಳು ನಮ್ಮಲ್ಲಿ ಔಷಧ ಕಾಯಿದೆಯ ಹಿಡಿತಕ್ಕೆ ಬಂದಿವೆ. ಬಿ.ಪಿ. ಹೇಳುವ ಸ್ಯಾಮ್‌ಸಂಗ್ ಗಡಿಯಾರವನ್ನೂ 28 ದಿನಕ್ಕೊಮ್ಮೆ ಇಂಥ ತೋಳುಪಟ್ಟಿಗೆ ತಾಳೆ ಹಾಕಲೇಬೇಕು. ಅಂದ ಮೇಲೆ ಪಟ್ಟಿಯನ್ನೇ ಕೊಳ್ಳುವುದು ಜಾಣತನ. ಬ್ಲೂಟೂತ್ ಇರುವುದಾದರೆ ಅಂಕಿ ಮಗಳ ಫೋನಿಗೂ ಹೋಗುತ್ತದೆ. ಅಳೆಯುವುದು ಬೆಳಗಿನ ಕಾಫಿಗೆ ಮೊದಲು; ಕಾಫಿ ಆಗಿಹೋಗಿದ್ದರೆ ಅರ್ಧ ಗಂಟೆ ತಡೆಯಿರಿ. ಬೆನ್ನು ಆನಿಸಿ ಐದು ನಿಮಿಷ ಸುಮ್ಮನೆ ಕೂತು, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ರವಿಕೆ ಅಥವಾ ಷರ್ಟಿನ ತೋಳಿನ ಮೇಲಲ್ಲ, ಬರಿ ಚರ್ಮಕ್ಕೆ ಸುತ್ತಿ ಎರಡು ಸಲ ನೋಡಿ. ಪಟ್ಟಿಯ ಅಳತೆ ತೋಳಿಗೆ ಹೊಂದದಿದ್ದರೆ ಎಂಥ ದುಬಾರಿ ಯಂತ್ರವೂ ಸುಳ್ಳು ಹೇಳುತ್ತದೆ.

ಕಿವಿಯ ವಿಷಯದಲ್ಲಿ ಬೆಂಗಳೂರಿನ ಒಂದು ಮೋಜಿನ ಪ್ರಸಂಗವಿದೆ. ಆ್ಯಪಲ್ ತನ್ನ ಏರ್‌ಪಾಡ್ಸ್ ಪ್ರೊ 2ಕ್ಕೆ 2024ರಲ್ಲಿ ಶ್ರವಣ ಸಾಧನದ ಸೌಲಭ್ಯ ಕೊಟ್ಟಾಗ ಅದು ಭಾರತದಲ್ಲಿ ತೆರೆದುಕೊಳ್ಳಲಿಲ್ಲ. ಇಲ್ಲಿನ ಕೆಲವು ತರುಣರು ತಮ್ಮ ಅಜ್ಜಿಯರಿಗಾಗಿ ಹಟಕ್ಕೆ ಬಿದ್ದರು. ಅಲ್ಯುಮಿನಿಯಂ ಹಾಳೆ, ತಾಮ್ರದ ಜಾಲರಿಯಿಂದ ಸಿಗ್ನಲ್ ತಡೆಯುವ ಪೆಟ್ಟಿಗೆ ಮಾಡಿ, ಪಕ್ಕದಲ್ಲಿ ಮೈಕ್ರೋವೇವ್ ಒಲೆ ಓಡಿಸಿ, ಒಳಗೆ ಅಮೆರಿಕದ ವೈಫೈಗಳ ಹೆಸರು ಬಿತ್ತರಿಸಿ, ಸಾಧನ ತಾನು ಕ್ಯಾಲಿಫೋರ್ನಿಯದಲ್ಲಿದ್ದೇನೆ ಎಂದು ನಂಬುವಂತೆ ಮಾಡಿದರು. ಅದು ಕೆಲಸವನ್ನೂ ಮಾಡಿತು. ಆದರೆ ಇಂಥದ್ದು ಸೌಮ್ಯದಿಂದ ಮಧ್ಯಮ ಮಟ್ಟದ ಕಿವುಡಿಗೆ ಮಾತ್ರ. ಕಿವಿಯಲ್ಲಿ ಗುಗ್ಗೆ ತುಂಬಿದೆಯೋ, ನರವೇ ಸೋತಿದೆಯೋ ತಿಳಿಯಲು ಮೊದಲು ಆಡಿಯೊಗ್ರಾಂ ಮಾಡಿಸಬೇಕು. ಮೈಸೂರಿನಲ್ಲಿ 1965ರಿಂದ ಇದೇ ಕೆಲಸ ಮಾಡುತ್ತಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲೂ ಪರೀಕ್ಷಾ ಕೇಂದ್ರಗಳಿಗೆ ಬರವಿಲ್ಲ.

ಕ್ಯಾಮೆರಾ ಯಾರನ್ನು ನೋಡುತ್ತಿದೆ?

ಮಕ್ಕಳು ಹಾಕಿಸುವ ಕ್ಯಾಮೆರಾ ಬಾಗಿಲಿಗೆ, ಗೇಟಿಗೆ ಸಾಕು. ಹಾಲಿಗೆ ಹಾಕುವುದಾದರೆ ಅಮ್ಮನನ್ನು ಕೇಳಿಯೇ ಹಾಕಿ. ಅವರ ಮನೆ ಅದು, ಸೆರಗು ಸರಿಪಡಿಸಿಕೊಂಡೇ ಓಡಾಡಬೇಕಾದ ಕಾಟ ಯಾರಿಗೂ ಬೇಡ. ಮನೆಗೆಲಸಕ್ಕೆ ಬರುವವರಿಗೂ ಕ್ಯಾಮೆರಾ ಎಲ್ಲಿದೆ ಎಂದು ಹೇಳಬೇಕು. ಸಿಸಿಟಿವಿ ಕ್ಯಾಮೆರಾಗಳು ಸುರಕ್ಷತೆಯ ಪರೀಕ್ಷೆ ಪಾಸಾಗಬೇಕೆಂಬ ನಿಯಮ 2025ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಹಳೆಯ ಸ್ಟಾಕನ್ನು ಅಗ್ಗಕ್ಕೆ ತಳ್ಳುವವರ ಬಳಿ ಬಿ.ಐ.ಎಸ್. ನೋಂದಣಿ ಸಂಖ್ಯೆ ಕೇಳಿ. ಪೆಟ್ಟಿಗೆಯ ಮೇಲಿನ ಪಾಸ್‌ವರ್ಡನ್ನು ಅಂದೇ ಬದಲಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಮುಖ್ಯ ಹೊಣೆಗಾರಿಕೆಗಳಿಗೆ ಕಂಪನಿಗಳಿಗೆ ಹದಿನೆಂಟು ತಿಂಗಳ ಗಡುವು. ಅಲ್ಲಿಯವರೆಗೆ ನಮ್ಮ ಎಚ್ಚರ ನಮಗೆ. ಖಾತೆ ಯಾರ ಹೆಸರಿನಲ್ಲಿ, ಯಾವ ನಂಬರಿಗೆ ಒಟಿಪಿ ಎಂಬುದನ್ನು ಒಂದು ಡೈರಿಯಲ್ಲಿ ಬರೆದಿಡಿ. ಮಗ ಅಮೆರಿಕದ ಸಿಮ್ ಬದಲಿಸಿದ ದಿನ ಇಲ್ಲಿ ಮೋಟರ್ ಕಂಟ್ರೋಲರ್ ಲಾಗಿನ್ ಆಗದ ಪೇಚು ಆಗ ತಪ್ಪುತ್ತದೆ.

ಡ್ರಾಯರ್ ಸೇರಿದ ಹಳೆಯ ಗಡಿಯಾರ, ಬ್ಯಾಂಡ್‌ಗಳನ್ನು ಕಸದ ಗಾಡಿಗೆ ಹಾಕಬಾರದು, ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳುತ್ತದೆ. ಅಧಿಕೃತ ಇ-ತ್ಯಾಜ್ಯ ಸಂಗ್ರಹಕ್ಕೇ ಕೊಡಿ. ದೇಶದ ಮೊದಲ ಸರ್ಕಾರಿ ಮಾನ್ಯತೆಯ ಇ-ತ್ಯಾಜ್ಯ ಘಟಕ ಇ-ಪರಿಸರ 2005ರಲ್ಲಿ ಶುರುವಾದದ್ದು ನಮ್ಮ ದಾಬಸ್‌ಪೇಟೆಯಲ್ಲೇ.

ಕೊನೆಯದಾಗಿ ತುರ್ತು ನಂಬರುಗಳ ಪಟ್ಟಿ. ಬಹಳ ಮನೆಗಳಲ್ಲಿ ಮೊದಲ ಹೆಸರು ನ್ಯೂಜೆರ್ಸಿಯ ಮಗನದು. ಇಲ್ಲಿ ಬೆಳಗಿನ ಎಂಟು ಗಂಟೆಯ ಸ್ನಾನದ ಹೊತ್ತಿಗೆ ಅಲ್ಲಿ ರಾತ್ರಿ ಒಂಬತ್ತೂವರೆಯೋ ಹತ್ತೂವರೆಯೋ. ಅವನು ಫೋನ್ ಎತ್ತಿದರೂ ಮಾಡಬಲ್ಲದ್ದು ಮತ್ತೊಬ್ಬರಿಗೆ ಫೋನ್. ಮೊದಲ ಹೆಸರು ಪಕ್ಕದ ಮನೆಯವರದು, ಎರಡನೆಯದು ಮಹಡಿಯ ಬಾಡಿಗೆ ಹುಡುಗರದು, ಮೂರನೆಯದು ಮಗಳದು, ಆಮೇಲೆ ಮಗ. ಫ್ರಿಜ್ಜಿನ ಬಾಗಿಲ ಮೇಲೆ 112, ಆಂಬುಲೆನ್ಸಿನ 108, ನೈಟಿಂಗೇಲ್ಸ್ ಟ್ರಸ್ಟ್ ಜೊತೆ ನಗರ ಪೊಲೀಸರು 2002ರಿಂದ ನಡೆಸುವ ಹಿರಿಯರ ಸಹಾಯವಾಣಿ 1090 ದಪ್ಪಕ್ಷರದಲ್ಲಿರಲಿ. ಪಕ್ಕದ ಮನೆಯವರು ಓಡಿ ಬಂದರೂ ಒಳಗಿನಿಂದ ಚಿಲಕ ಬಿದ್ದಿದ್ದರೆ ಬಾಗಿಲು ಒಡೆಯಲು ಬಡಗಿಯನ್ನು ಹುಡುಕಬೇಕಾಗುತ್ತದೆ. ಒಳಗಿಂದ ಹಾಕಿ ಹೊರಗಿಂದ ಕೀಲಿಯಲ್ಲಿ ತೆಗೆಯಬಹುದಾದ ನೈಟ್ ಲ್ಯಾಚ್ ಹಾಕಿಸಿ, ಒಂದು ಕೀಲಿ ಅವರ ಬಳಿ ಬಿಡಿ. ಬೆರಳಚ್ಚಿನ ಸ್ಮಾರ್ಟ್ ಲಾಕ್ ಬೇಕೆಂದರೆ ಕೈಕೀಲಿ ಕೂಡ ಹಿಡಿಯುವುದನ್ನೇ ಆರಿಸಿ. ಬಚ್ಚಲ ಬಾಗಿಲಿಗೂ ಹೊರಗಿಂದ ತೆಗೆಯಲು ಬರುವ ಚಿಲಕವೇ ಇರಲಿ. ಇದೆಲ್ಲ ಆದ ಮೇಲೆ ಒಂದು ಭಾನುವಾರ ಬೆಳಗ್ಗೆ, ಪಟ್ಟಿಯಲ್ಲಿರುವವರಿಗೆಲ್ಲ ಮೊದಲೇ ತಿಳಿಸಿ, 112ಕ್ಕೆ ಕರೆ ಹೋಗದಂತೆ ನೋಡಿಕೊಂಡು ಒಂದು ತಾಲೀಮು ಮಾಡಿ: ಸಂದೇಶ ಯಾರ ಫೋನಿಗೆ ಮೊದಲು ಬಂತು, ಕೀಲಿ ಯಾವ ಮೊಳೆಗೆ ನೇತಾಡುತ್ತಿತ್ತು, ಬಾಗಿಲು ತೆರೆಯಲು ಎಷ್ಟು ಹೊತ್ತಾಯಿತು, ನೋಡಿ.